ಹೊಟ್ಟೆ ಇಳಿಸಲು ಚಾಪೆಯೋ ತಟ್ಟೆಯೋ? ಮುಂಬೈ ಮನೆಗಳಿಗೊಂದು ಹೋಲಿಕೆ

ಯೋಗ ಮಾಡ್ಲಾ, ಊಟ ಕಡಿಮೆ ಮಾಡ್ಲಾ? ಹೊಟ್ಟೆ ಇಳಿಸಬೇಕು ಅಂದುಕೊಂಡವರು ಮೊದಲು ಕೇಳುವುದು ಇದನ್ನೇ. ಎರಡೂ ಮಾಡಿದರೆ ಒಳ್ಳೆಯದು ಅಂತ ಎಲ್ಲರಿಗೂ ಗೊತ್ತು. ಆದರೆ ಡೊಂಬಿವಲಿಯಲ್ಲಿ ಬೆಳಗ್ಗೆ ಏಳೂವರೆಯ ಲೋಕಲ್ ಹಿಡಿದು, ರಾತ್ರಿ ಎಂಟೂವರೆಗೆ ಮನೆ ಸೇರುವವರಿಗೆ ಎರಡಕ್ಕೂ ಪುರಸೊತ್ತು ಎಲ್ಲಿದೆ? ಸದ್ಯಕ್ಕೆ ಒಂದೇ ಸಾಧ್ಯ ಅನ್ನುವವರು ಊಟದಿಂದ ಶುರು ಮಾಡಿ. ಇಡೀ ದಿನದ ಊಟವೂ ಬೇಡ. ಸಂಜೆ ಆರರಿಂದ ರಾತ್ರಿ ಹನ್ನೊಂದರ ಒಳಗೆ ಬಾಯಿಗೆ ಏನು ಹೋಗುತ್ತದೆ ಅನ್ನುವುದನ್ನು ನೋಡಿಕೊಳ್ಳಿ. ಮುಲುಂಡ್, ಭಾಂಡುಪ್, ಘಾಟ್ಕೋಪರ್, ಡೊಂಬಿವಲಿಯ ನಮ್ಮ ಕನ್ನಡದ ಮನೆಗಳಲ್ಲಿ ನಾನು ನೋಡಿದ ಮಟ್ಟಿಗೆ ಹೊಟ್ಟೆ ಬೆಳೆಯುವುದು ಆ ಐದು ಗಂಟೆಗಳಲ್ಲೇ.

ಹಾಗಂತ ಯೋಗ ದಂಡ ಅಂತಲ್ಲ. ಅದರ ಕೆಲಸ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಟೇಪು

ತೂಕದ ಯಂತ್ರ ಕೊಳ್ಳಬೇಕಾಗಿಲ್ಲ. ಟೈಲರ್ ಹತ್ತಿರ ಇರುವಂಥ ಟೇಪು ಸಾಕು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ಸರಿಯಾಗಿ ನಡುವೆ ಟೇಪು ಸುತ್ತಿ. ಉಸಿರನ್ನು ಸಹಜವಾಗಿ ಹೊರಗೆ ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಂಡರೆ ಟೇಪಿಗೆ ಮೋಸ ಮಾಡಬಹುದು, ಪ್ಯಾಂಟಿಗೆ ಆಗಲ್ಲ. ಭಾರತೀಯರಿಗೆ ವೈದ್ಯರು ಹಾಕಿರುವ ಗೆರೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಅದನ್ನು ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಬರುವ ಸಾಧ್ಯತೆ ಹೆಚ್ಚುತ್ತದೆ.

ತೂಕ ನೋಡಿ ನೆಮ್ಮದಿಯಾಗಿರುವವರೂ ಟೇಪು ಹಿಡಿಯಬೇಕು. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮ ಫೋಟೊ ಪಕ್ಕದಲ್ಲಿ ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ ಅವರ ಫೋಟೊ ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ ಇಬ್ಬರದೂ 22.3. ನೋಡಿದರೆ ಇಬ್ಬರೂ ತೆಳ್ಳಗೆ. ಆದರೆ ಮೈಯ ಕೊಬ್ಬು ಯುಡ್ಕಿನ್ ಅವರಿಗೆ ಶೇ. 9.1, ಯಾಜ್ಞಿಕ್ ಅವರಿಗೆ ಶೇ. 21.2. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಅನ್ನುವ ಮೈಕಟ್ಟು ನಮ್ಮಲ್ಲಿ ತುಂಬ ಜನರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದಾದ್ಯಂತ ನಡೆಸಿದ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ, ಒಟ್ಟಾರೆ ಬೊಜ್ಜು ಇದ್ದವರು ಶೇ. 28.6, ಹೊಟ್ಟೆಯ ಬೊಜ್ಜು ಇದ್ದವರು ಶೇ. 39.5 ಅಂತ ಬಂತು. ಅಂದರೆ ದಪ್ಪಗಾಗದೆಯೇ ಹೊಟ್ಟೆ ಬಂದವರು ಬಹಳ ಜನ.

ಅರ್ಧ ಗಂಟೆಯ ಯೋಗ, ಒಂದು ವಡಾಪಾವ್

ಲೆಕ್ಕ ಸುಲಭ. 65 ಕಿಲೊ ತೂಕದವರು ಅರ್ಧ ಗಂಟೆ ನಿಧಾನವಾಗಿ ಆಸನ ಮಾಡಿದರೆ ಸುಮಾರು 80 ಕ್ಯಾಲೊರಿ ಖರ್ಚು. ಅಷ್ಟೇ ಹೊತ್ತು ಬಿಡದೆ ಸೂರ್ಯ ನಮಸ್ಕಾರ ಹಾಕಿದರೆ 105ರ ಆಸುಪಾಸು. ಚುರುಕಾಗಿ ನಡೆದರೆ 140. ಒಂದು ವಡಾಪಾವ್ ಅಂದರೆ ಹತ್ತಿರಹತ್ತಿರ 300. ಸ್ಟೇಶನ್ ಹೊರಗೆ ನಿಂತು ಮೂರು ನಿಮಿಷದಲ್ಲಿ ತಿಂದು ಮುಗಿಸುವುದನ್ನು ಸೂರ್ಯ ನಮಸ್ಕಾರದಲ್ಲಿ ಕರಗಿಸಲು ಒಂದೂಕಾಲು ಗಂಟೆಯ ಮೇಲೆ ಬೇಕು. ಯಾರ ಹತ್ತಿರ ಇದೆ ಅಷ್ಟು ಹೊತ್ತು?

ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿದೆ. ದಿನಕ್ಕೆ ನಾನೂರು ಐನೂರು ಕಡಿಮೆ ಮಾಡಿದರೂ ವಾರಕ್ಕೆ ಅರ್ಧ ಕಿಲೊ ಇಳಿದರೆ ದೊಡ್ಡದು. ಆ ನಾನೂರು ಐನೂರನ್ನು ತಟ್ಟೆಯಿಂದ ತೆಗೆಯುವುದು ಸುಲಭ, ಚಾಪೆಯ ಮೇಲೆ ತೆಗೆಯುವುದು ಕಷ್ಟ.

ಹಾಗಾದರೆ ಯೋಗ ಯಾಕೆ? ಜರ್ಮನಿಯಲ್ಲಿ ಹೊಟ್ಟೆಯ ಬೊಜ್ಜಿದ್ದ 60 ಹೆಂಗಸರ ಮೇಲೆ ಒಂದು ಅಧ್ಯಯನ ಆಗಿದೆ, 2016ರಲ್ಲಿ ಪ್ರಕಟವಾದದ್ದು. 12 ವಾರ, ವಾರಕ್ಕೆ ಎರಡು ಸಲ, ಒಂದೂವರೆ ಗಂಟೆಯ ಯೋಗ ತರಗತಿ. ಯೋಗ ಮಾಡಿದವರ ಹೊಟ್ಟೆಯ ಸುತ್ತಳತೆ ಮಾಡದವರಿಗಿಂತ 3.8 ಸೆಂ.ಮೀ. ಜಾಸ್ತಿ ಇಳಿಯಿತು. ಕ್ಯಾಲೊರಿ ಲೆಕ್ಕದಲ್ಲಿ ಸಣ್ಣದು ಅನಿಸುವ ಯೋಗ ಇಷ್ಟು ಮಾಡಿದ್ದು ದೊಡ್ಡದೇ. ನನಗೆ ಅನಿಸುವುದು ಹೀಗೆ: ಬೆಳಗ್ಗೆ ಚಾಪೆ ಹಾಸಿದವರು ಆವತ್ತು ಸಂಜೆ ಕರಿದದ್ದಕ್ಕೆ ಕೈ ಚಾಚುವ ಮುಂಚೆ ಒಮ್ಮೆ ಯೋಚಿಸುತ್ತಾರೆ. ಬೆನ್ನು ನೆಟ್ಟಗಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ಇಳಿದ ಹೊಟ್ಟೆ ಮತ್ತೆ ಬರದಂತೆ ಕಾಯುವುದರಲ್ಲಿ ಯೋಗದ ಪಾಲು ಹೆಚ್ಚು.

ಒಂದು ಮಾತು. ಹೊಟ್ಟೆಗೇ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗುತ್ತದೆ ಅನ್ನುವುದನ್ನು ಬಿಟ್ಟುಬಿಡಿ. ಆರು ವಾರ ಬರೀ ಹೊಟ್ಟೆಯ ವ್ಯಾಯಾಮ ಮಾಡಿಸಿ ನೋಡಿದ ಅಧ್ಯಯನವೊಂದು 2011ರಲ್ಲಿ ಬಂದಿದೆ. ಹೊಟ್ಟೆಯ ಸ್ನಾಯು ಗಟ್ಟಿಯಾಯಿತು, ಕೊಬ್ಬು ಮಾತ್ರ ಇದ್ದಲ್ಲೇ ಇತ್ತು. ದೋಣಿಯ ಹಾಗೆ ಕಾಲೂ ಬೆನ್ನೂ ಎತ್ತಿ ಹಿಡಿಯುವ ನೌಕಾಸನ ಮಾಡಿ, ಚೆನ್ನಾಗಿದೆ. ಅದು ಟೈರು ಕರಗಿಸುತ್ತದೆ ಅಂತ ಮಾತ್ರ ಕಾಯಬೇಡಿ.

ಯಾವ ಯೋಗ ಯಾರಿಗೆ

ಈಗ ಸಿಗುವ ಯೋಗದಲ್ಲಿ ಹೆಚ್ಚಿನದಕ್ಕೆ ಮೈಸೂರಿನ ನಂಟಿದೆ. ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರ ಹತ್ತಿರ ಕಲಿತ ಇಬ್ಬರು ಎರಡು ದಾರಿ ಹಿಡಿದರು. ಕೆ. ಪಟ್ಟಾಭಿ ಜೋಯಿಸ್ ಅವರದು ಉಸಿರಿನ ಜೊತೆ ಒಂದಾದ ಮೇಲೊಂದು ಆಸನಕ್ಕೆ ಹೋಗುವ ಅಷ್ಟಾಂಗ ವಿನ್ಯಾಸ. ಗೋವಾದಲ್ಲಿ ವಿದೇಶಿಯರು ಬೆಳಗಾಗೆದ್ದು ಬೆವರು ಸುರಿಸುವುದು ಹೆಚ್ಚಾಗಿ ಇದನ್ನೇ ಮಾಡಿ. ಇನ್ನೊಬ್ಬರು ಬಿ.ಕೆ.ಎಸ್. ಅಯ್ಯಂಗಾರ್. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, 1937ರಲ್ಲಿ ಪುಣೆಗೆ ಬಂದು ಅಲ್ಲೇ ನೆಲೆಸಿದರು. 1975ರಲ್ಲಿ ಅಲ್ಲಿ ಹೆಂಡತಿ ರಮಾಮಣಿಯವರ ಹೆಸರಿನ ಸಂಸ್ಥೆ ಶುರುವಾಯಿತು. ಅವರದು ನಿಧಾನ. ಒಂದೇ ಆಸನದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಪಾದ ಎಲ್ಲಿ, ಮೊಣಕಾಲು ಹೇಗೆ ಅಂತ ನೋಡಿಕೊಳ್ಳಬೇಕು. ಮೈ ಬಗ್ಗದವರಿಗೆ ಕುರ್ಚಿ, ಪಟ್ಟಿ, ಮರದ ಇಟ್ಟಿಗೆ, ದಿಂಬು ಕೊಡುತ್ತಾರೆ.

ಹೊಟ್ಟೆ ಇಳಿಸುವ ಲೆಕ್ಕಕ್ಕೆ ಯಾವುದು? ನಲವತ್ತರ ಒಳಗಿದ್ದು, ಮೊಣಕಾಲು, ಬೆನ್ನು ಸರಿಯಿದ್ದರೆ ಸೂರ್ಯ ನಮಸ್ಕಾರದಂಥ ಚಲಿಸುವ ಯೋಗ. ಎದೆಬಡಿತ ಏರುತ್ತದೆ, ಬೆವರು ಬರುತ್ತದೆ, ತೋಳು, ಭುಜಕ್ಕೂ ಕೆಲಸ ಸಿಗುತ್ತದೆ. ನಿಧಾನವಾಗಿ ಆರು ಸುತ್ತಿನಿಂದ ಶುರು ಮಾಡಿ, ಹನ್ನೆರಡು, ಹದಿನೆಂಟು ಅಂತ ಏರಿಸಿದರೆ ಸಾಕು. ಮೊದಲ ದಿನವೇ ನೂರೆಂಟು ಹಾಕಿ ಮಣಿಕಟ್ಟು ಹಿಡಿದುಕೊಂಡು ಕೂರುವವರು ನಮ್ಮ ಸೊಸೈಟಿಯಲ್ಲಿ ಪ್ರತಿ ಜೂನ್ 21ರ ಯೋಗ ದಿನಕ್ಕೂ ಒಬ್ಬರಾದರೂ ಸಿಗುತ್ತಾರೆ.

ಐವತ್ತು ದಾಟಿದವರು, ಮೊಣಕಾಲು ನೋವಿನವರು, ಬಿಪಿ ಇರುವವರು ಅಯ್ಯಂಗಾರ್ ಪದ್ಧತಿಯ ಕಡೆ ಹೋಗುವುದು ಒಳ್ಳೆಯದು. ಅದರಿಂದ ಹೊಟ್ಟೆ ನಿಧಾನವಾಗಿ ಇಳಿಯಬಹುದು. ಆದರೆ ಮೂರನೇ ವಾರಕ್ಕೆ ನೋವು ಅಂತ ಬಿಟ್ಟುಬಿಡುವ ಚುರುಕಿನ ಯೋಗಕ್ಕಿಂತ ಮೂರು ವರ್ಷ ಮಾಡುವ ನಿಧಾನದ ಯೋಗ ಮೇಲು ಅಲ್ವಾ?

ಕಪಾಲಭಾತಿ ಬಗ್ಗೆ ಜನರಿಗೆ ವಿಪರೀತ ನಂಬಿಕೆ. ಟಿವಿ ಮುಂದೆ ಕೂತು ಅರ್ಧ ಗಂಟೆ ಹೊಟ್ಟೆ ಒಳಗೆ ಹೊರಗೆ ಮಾಡಿದರೆ ಬೊಜ್ಜು ಕರಗುತ್ತದೆ ಅಂತ. ಅದು ಉಸಿರಿನ ಅಭ್ಯಾಸ, ಐದು ನಿಮಿಷಕ್ಕೆ ಚೆನ್ನ. ಬಸುರಿಯರು, ಹರ್ನಿಯಾ ಇರುವವರು, ಬಿಪಿ ಹಿಡಿತಕ್ಕೆ ಬಾರದವರು, ಹೃದಯದ ತೊಂದರೆಯವರು, ಹೊಟ್ಟೆಯ ಆಪರೇಶನ್ ಆಗಿ ಸ್ವಲ್ಪ ದಿನ ಆದವರು ಇದನ್ನು ಮಾಡಬಾರದು. ಸಿಸೇರಿಯನ್ ಆದವರು ನೌಕಾಸನದ ಥರದವನ್ನೂ ಡಾಕ್ಟರ್ ಕೇಳದೆ ಶುರು ಮಾಡಬೇಡಿ. ಹೆರಿಗೆಯಾದ ಮೇಲೆ ಹೊಟ್ಟೆಯ ನಡುವಿನ ಸ್ನಾಯುಗಳು ಎರಡು ಬದಿಗೆ ಸರಿದಿರುತ್ತವೆ. ಅವು ಕೂಡುವ ಮೊದಲೇ ಜೋರು ಮಾಡಿದರೆ ಹೊಟ್ಟೆ ಇನ್ನೂ ಮುಂದೆ ಬರಬಹುದು.

ಸಣ್ಣ ಕೈಕಾಲು, ಮುಂದೆ ಬಂದ ಹೊಟ್ಟೆ ಇರುವ ಗಂಡಸರಿಗೆ ಇನ್ನೊಂದು ಸೇರಿಸುತ್ತೇನೆ. ನಿಮಗೆ ಸ್ನಾಯು ಕಡಿಮೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದು, ಉತ್ಕಟಾಸನ, ವೀರಭದ್ರಾಸನ ಇವೆಲ್ಲ ವಾರಕ್ಕೆ ಎರಡು ದಿನವಾದರೂ ಬೇಕು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮದ ಜೊತೆ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಿ ಅನ್ನುವುದು ಇದಕ್ಕೇ.

ನಡಿಗೆ ಸಾಲದಾ ಅಂತ ಕೇಳುವವರಿಗೆ: ನವೆಂಬರಿನಿಂದ ಫೆಬ್ರುವರಿವರೆಗೆ ಧಾರಾಳ ಸಾಕು. ಮಳೆಗಾಲದ ನಾಲ್ಕು ತಿಂಗಳು ಮುಂಬೈಯಲ್ಲಿ ನಡಿಗೆ ನಂಬಿದರೆ ಕೆಟ್ಟಿರಿ. ಆಗ ಮೆಟ್ಟಿಲು ನೋಡಿ. ಹತ್ತುವಾಗ ಮೆಟ್ಟಿಲು, ಇಳಿಯುವಾಗ ಲಿಫ್ಟ್. ಮೊಣಕಾಲಿಗೆ ಪೆಟ್ಟು ಬೀಳುವುದು ಇಳಿಯುವಾಗಲೇ ಹೆಚ್ಚು.

ಎಲ್ಲಿ ಕಲಿಯುವುದು

ಮನೆಯಲ್ಲೇ ಮಾಡುವುದಾದರೂ ಮೊದಲು ಒಬ್ಬರ ಕಣ್ಣೆದುರು ಕಲಿತುಕೊಳ್ಳಿ. ಯೂಟ್ಯೂಬ್ ಪುಕ್ಕಟೆ, ಬೇಕಾದ ಹೊತ್ತಿಗೆ ಸಿಗುತ್ತದೆ. ಆದರೆ ನಿಮ್ಮ ಬೆನ್ನು ಗೂನಾಗಿದೆ ಅಂತ ಅದು ಹೇಳುವುದಿಲ್ಲ. ಮೊಬೈಲಿನಲ್ಲಿ ನೇರ ತರಗತಿ ತೆಗೆದುಕೊಳ್ಳುವುದಾದರೆ ಟೀಚರು ಎಲ್ಲರ ಕ್ಯಾಮೆರಾ ನೋಡುತ್ತಾರಾ ಅಂತ ಮೊದಲೇ ಕೇಳಿ. ನೂರು ಜನರ ತರಗತಿಯಲ್ಲಿ ಯಾರೂ ನೋಡುವುದಿಲ್ಲ. ಸೊಸೈಟಿ ಹಾಲಿನ ತರಗತಿಗೆ ಇರುವ ಲಾಭ ಬೇರೆಯದೇ: ಎರಡು ದಿನ ಹೋಗದಿದ್ದರೆ ಪಕ್ಕದ ಮನೆಯ ಕಾಕೂ ಬೆಲ್ ಒತ್ತುತ್ತಾರೆ.

ಸಾಂತಾಕ್ರೂಜ್‌ನಲ್ಲಿ ಯೋಗೇಂದ್ರಜೀ 1918ರಲ್ಲಿ ಸ್ಥಾಪಿಸಿದ ದಿ ಯೋಗ ಇನ್‌ಸ್ಟಿಟ್ಯೂಟ್ ಇದೆ. ಸ್ವಾಮಿ ಕುವಲಯಾನಂದರು 1924ರಲ್ಲಿ ಲೋಣಾವಳದಲ್ಲಿ ಕಟ್ಟಿದ ಕೈವಲ್ಯಧಾಮದ ಶಾಖೆ ಮರೀನ್ ಡ್ರೈವಿನಲ್ಲಿದೆ. ಇಂಥ ಕಡೆ ಒಂದು ಸಣ್ಣ ಕೋರ್ಸ್ ಮುಗಿಸಿ, ಆಮೇಲೆ ಮನೆಯಲ್ಲಿ ಮುಂದುವರಿಸುವುದು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ದಾರಿ. ಚಾಪೆಗೆ ಹೆಚ್ಚು ಖರ್ಚು ಬೇಡ. ಟೈಲ್ಸ್ ನೆಲದಲ್ಲಿ ಜಾರಬಾರದು, ಮೊಣಕಾಲಿಗೆ ಒತ್ತಬಾರದು, ಅಷ್ಟೇ. ಒಂದು ಬೆಡ್‌ರೂಮಿನ ಮನೆಯಲ್ಲಿ ಟೀಪಾಯಿ ಸರಿಸಿದರೆ ಜಾಗ ಆಗುತ್ತದೆ.

ರಾತ್ರಿ ಹತ್ತರ ಊಟ

ಇಲ್ಲೇ ನಿಜವಾದ ಆಯ್ಕೆ ಇರುವುದು. ಆಫೀಸಿಗೆ ಹೋಗುವವರ ಒಂದು ಸಂಜೆ ನೋಡಿ. ಮಧ್ಯಾಹ್ನ ಒಂದಕ್ಕೆ ಡಬ್ಬದ ಊಟ. ನಾಲ್ಕಕ್ಕೆ ಕಟಿಂಗ್ ಚಹಾ. ಆರೂವರೆಗೆ ಹೊಟ್ಟೆ ಚುರುಗುಟ್ಟುತ್ತದೆ, ಸ್ಟೇಶನ್ ಹೊರಗೆ ವಡಾಪಾವ್ ಅಥವಾ ಸಮೋಸ. ಎಂಟೂವರೆಗೆ ಮನೆ, ಚಪ್ಪಲಿ ಬಿಟ್ಟ ಕೂಡಲೇ ಚಹಾ, ಜೊತೆಗೆ ಡಬ್ಬಿಯಿಂದ ಒಂದೆರಡು ಹಿಡಿ ಚಿವಡಾ. ಹತ್ತಕ್ಕೆ ಅನ್ನ, ಸಾರು, ಪಲ್ಯ, ಮೇಲೊಂದಿಷ್ಟು ಮಜ್ಜಿಗೆ ಅನ್ನ. ಹನ್ನೊಂದಕ್ಕೆ ಮಲಗುವುದು. ವಡಾಪಾವ್ 300, ಚಿವಡಾ 30 ಗ್ರಾಂ ಹಿಡಿದರೂ 160, ಆಮೇಲೆ ಪೂರ್ತಿ ಊಟ. ದಿನದ ಅರ್ಧಕ್ಕಿಂತ ಜಾಸ್ತಿ ಈ ಹೊತ್ತಿನಲ್ಲೇ ಹೋಯಿತು.

ಇದಕ್ಕೆ ಮೂರು ಪರಿಹಾರ ಹೇಳುವವರಿದ್ದಾರೆ. ಒಂದು, ರಾತ್ರಿ ಊಟವೇ ಬಿಡಿ. ಎರಡು, ಏಳು ಗಂಟೆಗೇ ಊಟ ಮುಗಿಸಿ. ಮೂರು, ಊಟವನ್ನು ಎರಡು ಭಾಗ ಮಾಡಿ.

ಮೊದಲನೆಯದು ಒಂದೆರಡು ವಾರ ನಡೆಯುತ್ತದೆ. ಆಮೇಲೆ ಹನ್ನೊಂದು ಗಂಟೆಗೆ ಅಡುಗೆಮನೆಯ ದೀಪ ಹಾಕಿ ಫರ್ಸಾಣ್ ಡಬ್ಬಿ ತೆರೆಯುತ್ತೀರಿ. ಎರಡನೆಯದು ಏಳು ಗಂಟೆಗೆ ಲೋಕಲ್‌ನಲ್ಲಿ ಒಂದು ಕಾಲಲ್ಲಿ ನಿಂತಿರುವವರಿಗೆ ಹೇಳುವ ಮಾತಲ್ಲ. ಮನೆಯಲ್ಲೇ ಇರುವವರಿಗೆ, ನಿವೃತ್ತರಿಗೆ ಅದೇ ಸರಿ. ಉಳಿದವರಿಗೆ ಮೂರನೆಯದು.

ಬೆಳಗ್ಗೆ ಊಟದ ಡಬ್ಬದ ಜೊತೆ ಇನ್ನೊಂದು ಸಣ್ಣ ಡಬ್ಬಿ ಕಟ್ಟಿಕೊಳ್ಳಿ. ಬೇಯಿಸಿದ ಕಡಲೆ, ಹೆಸರುಕಾಳಿನ ಉಸಳಿ, ಮೊಳಕೆ ಬರಿಸಿದ ಮಡಿಕೆ ಕಾಳು, ಎರಡು ಬೇಯಿಸಿದ ಮೊಟ್ಟೆ, ಇವುಗಳಲ್ಲಿ ಯಾವುದಾದರೂ. ಜೊತೆಗೊಂದು ಪೇರಳೆ ಹಣ್ಣು. ಮಳೆಗಾಲದಲ್ಲಿ ಸೆಕೆಗೆ ಕಾಳು ಹುಳಿಯಾಗುತ್ತದೆ, ಆಗ ಹುರಿಗಡಲೆ ಸಾಕು. ಇದನ್ನು ಆಫೀಸಿನಿಂದ ಹೊರಡುವ ಮೊದಲು, ಕುರ್ಚಿಯಲ್ಲಿ ಕೂತೇ ತಿಂದು ಮುಗಿಸಿ. ಸ್ಟೇಶನ್‌ವರೆಗೆ ತಂದರೆ ವಡಾಪಾವ್ ಗೆಲ್ಲುತ್ತದೆ. ಹೊಟ್ಟೆಯಲ್ಲಿ ಇಷ್ಟು ಬಿದ್ದರೆ ರಾತ್ರಿ ಹಸಿವು ಅರ್ಧ. ಒಂದು ಜೋಳದ ರೊಟ್ಟಿ, ಪಲ್ಯ, ಒಂದು ಬಟ್ಟಲು ತೊವ್ವೆ. ಕರಾವಳಿಯವರಿಗೆ ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ, ಜೊತೆಗೆ ಹೆಸರುಕಾಳಿನ ಪಲ್ಯ. ಇಷ್ಟಕ್ಕೇ ದಿನಕ್ಕೆ ಮುನ್ನೂರು ನಾನೂರು ಕ್ಯಾಲೊರಿ ತಪ್ಪುತ್ತದೆ, ಉಪವಾಸ ಬಿದ್ದ ಹಾಗೂ ಅನಿಸುವುದಿಲ್ಲ.

ನಿದ್ದೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ 12 ಜನರಿಗೆ ಎರಡು ವಾರ ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟು ನೋಡಿದರು. 2022ರಲ್ಲಿ ಬಂದ ವರದಿಯ ಪ್ರಕಾರ ಅವರು ದಿನಕ್ಕೆ 300ಕ್ಕೂ ಹೆಚ್ಚು ಕ್ಯಾಲೊರಿ ಜಾಸ್ತಿ ತಿಂದರು, ಹೊಟ್ಟೆಯ ಒಳಗಿನ ಕೊಬ್ಬು ಶೇ. 11ರಷ್ಟು ಏರಿತು. ಐದಕ್ಕೆ ಎದ್ದು ಯೋಗ ಮಾಡಬೇಕು ಅಂತ ಐದು ಗಂಟೆ ಮಾತ್ರ ಮಲಗುವವರು ಯೋಗ ಬಿಟ್ಟು ಮಲಗುವುದೇ ಲೇಸು. ಇಪ್ಪತ್ತು ನಿಮಿಷದ ಸೂರ್ಯ ನಮಸ್ಕಾರವನ್ನು ಶನಿವಾರ, ಭಾನುವಾರ ಮತ್ತು ವಾರದ ಮಧ್ಯೆ ಒಂದು ದಿನ ಇಟ್ಟುಕೊಳ್ಳಿ.

ಅನ್ನ ಬಿಡಬೇಕಾ

“ಅಕ್ಕ, ಅನ್ನ ಬಿಡ್ಬೇಕಾ? ನಮ್ಮವರಿಗೆ ಅನ್ನ ಇಲ್ದಿದ್ರೆ ಊಟ ಆದ ಹಾಗೇ ಆಗಲ್ಲ,” ಅಂತ ಕೇಳಿದಳು ಕೆಳಗಿನ ಮನೆಯವಳು, ಕಾರ್ಕಳದ ಕಡೆಯವಳು.

“ಬಿಡೋದು ಬೇಡ ಮಾರಾಯ್ತಿ. ಬಡಿಸೋ ಸೌಟು ಬದಲಿಸು,” ಅಂದೆ.

ಅಕ್ಕಿ, ಗೋಧಿ, ಜೋಳ, ರಾಗಿ ಎಲ್ಲವೂ ನೂರು ಗ್ರಾಂಗೆ 320ರಿಂದ 355 ಕ್ಯಾಲೊರಿಯ ನಡುವೆಯೇ. ಅನ್ನ ಬಿಟ್ಟು ನಾಲ್ಕು ಚಪಾತಿ ತಿಂದರೆ ಏನೂ ಉಳಿಯಲಿಲ್ಲ, ಚಪಾತಿಗೆ ಹಚ್ಚಿದ ಎಣ್ಣೆ ಮೇಲೆ ಬಂತು. ವ್ಯತ್ಯಾಸ ಇರುವುದು ನಾರಿನಲ್ಲಿ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನೂರು ಗ್ರಾಂಗೆ ಸುಮಾರು 3 ಗ್ರಾಂ ನಾರು. ಜೋಳ, ರಾಗಿಯಲ್ಲಿ 10, 11 ಗ್ರಾಂ. ಅದರಿಂದ ಬೇಗ ಹೊಟ್ಟೆ ತುಂಬುತ್ತದೆ, ಹಸಿವು ತಡವಾಗಿ ಬರುತ್ತದೆ. ಉತ್ತರ ಕರ್ನಾಟಕದ ಮನೆಗಳಿಗೆ ಇಲ್ಲಿ ಕಷ್ಟವೇ ಇಲ್ಲ, ಜೋಳದ ಹಿಟ್ಟು ಬೀದಿಗೊಂದು ಗಿರಣಿಯಲ್ಲಿ ಬೀಸಿಕೊಡುತ್ತಾರೆ. ರಾಗಿ ಬೇಕಾದವರು ನಾಚಣಿ ಹಿಟ್ಟು ಕೇಳಿ. ಆದರೆ ಮುದ್ದೆ ಅಂತ ಹೇಳಿ ನೂರು ಗ್ರಾಂ ಹಿಟ್ಟಿನ ಗುಂಡು ನುಂಗಿದರೆ ಅದೂ 320 ಕ್ಯಾಲೊರಿ. ಹೊಲದಲ್ಲಿ ದುಡಿಯುವವರ ಮುದ್ದೆಯ ಗಾತ್ರ ಲ್ಯಾಪ್‌ಟಾಪ್ ಮುಂದೆ ಕೂರುವವರಿಗೆ ಬೇಡ.

ಅನ್ನ ತಿನ್ನುವವರು ಹೀಗೆ ಮಾಡಿ. ಪಾತ್ರೆಯನ್ನು ಊಟದ ಜಾಗಕ್ಕೆ ತರಬೇಡಿ. ಒಂದು ಬಟ್ಟಲು ಅನ್ನವನ್ನು ಒಮ್ಮೆ ತಟ್ಟೆಗೆ ಹಾಕಿ, ಅಷ್ಟೇ. ಅದು ಸುಮಾರು 150 ಗ್ರಾಂ, 200 ಕ್ಯಾಲೊರಿ. ಅನ್ನ ಬೀಳುವ ಮೊದಲೇ ತಟ್ಟೆಯ ಅರ್ಧ ಭಾಗದಲ್ಲಿ ಪಲ್ಯ, ಕೋಸಂಬರಿ ಇರಲಿ. ಎರಡನೇ ಸಲ ಬೇಕು ಅನಿಸಿದರೆ ಸಾರಿನ ಬೇಳೆ ಹಾಕಿಸಿಕೊಳ್ಳಿ, ಅನ್ನವಲ್ಲ.

ನಮ್ಮ ಊಟದಲ್ಲಿ ನಿಜಕ್ಕೂ ಕಡಿಮೆ ಇರುವುದು ಪ್ರೊಟೀನ್. ಕಿಲೊ ತೂಕಕ್ಕೆ 0.83 ಗ್ರಾಂ ಬೇಕು ಅನ್ನುತ್ತದೆ ಐಸಿಎಂಆರ್. 65 ಕಿಲೊದವರಿಗೆ ದಿನಕ್ಕೆ 54 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಹಿಡಿ ಹೆಸರುಕಾಳಿನಲ್ಲಿ 7, ನೂರು ಗ್ರಾಂ ಪನೀರಿನಲ್ಲಿ 18ರ ಹತ್ತಿರ, ಅಷ್ಟೇ ಬಂಗುಡೆಯಲ್ಲಿ 19. ತಿಳಿ ಸಾರು, ಅನ್ನ, ಉಪ್ಪಿನಕಾಯಿಯಲ್ಲಿ ಇದು ತುಂಬುವುದಿಲ್ಲ. ಮೀನು ತಿನ್ನುವ ಮನೆಗಳಿಗೆ ಒಂದು ಎಚ್ಚರಿಕೆ: ಬಂಗುಡೆ ಪುಳಿಮುಂಚಿ ಮಾಡಿದರೆ ಚೆನ್ನ, ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿದರೆ ಲೆಕ್ಕ ತಪ್ಪಿತು.

ಎಣ್ಣೆ, ತೆಂಗಿನಕಾಯಿ, ಚಹಾ

ಇವು ಮೂರೂ ಕಣ್ಣಿಗೆ ಬೀಳುವುದಿಲ್ಲ. ಎಣ್ಣೆಯ ಕ್ಯಾನಿನಿಂದ ನೇರ ಬಾಣಲೆಗೆ ಸುರಿಯುವುದನ್ನು ನಿಲ್ಲಿಸಿ, ಸ್ಟೀಲ್ ಡಬ್ಬಿಗೆ ಹಾಕಿ ಚಮಚ ಇಡಿ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ 120 ಕ್ಯಾಲೊರಿ. ತಿಂಗಳಿಗೆ ತಲೆಗೆ ಅರ್ಧ ಲೀಟರ್ ಅಂತ ತೆಗೆದಿಡಿ, ದಿನಕ್ಕೆ ಮೂರು ಸಣ್ಣ ಚಮಚ ಬರುತ್ತದೆ. ನಾಲ್ಕು ಜನರ ಮನೆಗೆ ಎರಡು ಲೀಟರ್. ಈಗ ನಿಮ್ಮ ಮನೆಯಲ್ಲಿ ಎಷ್ಟು ಖರ್ಚಾಗುತ್ತದೆ ಅಂತ ಕಿರಾಣಿ ಚೀಟಿ ತೆಗೆದು ನೋಡಿ, ಸುಮ್ನೆ.

ತೆಂಗಿನಕಾಯಿ ಕೆಟ್ಟದ್ದಲ್ಲ. ಆದರೆ 30 ಗ್ರಾಂ ತುರಿ ಅಂದರೆ ನೂರಕ್ಕೂ ಹೆಚ್ಚು ಕ್ಯಾಲೊರಿ. ಬೆಳಗ್ಗೆ ಚಟ್ನಿ, ಮಧ್ಯಾಹ್ನ ಗಸಿ, ರಾತ್ರಿ ಪಲ್ಯದ ಮೇಲೆ ತುರಿ ಅಂತ ಮೂರೂ ಹೊತ್ತು ಬೇಡ. ಒಂದು ಹೊತ್ತು ಆರಿಸಿಕೊಳ್ಳಿ. ಗಸಿ ಬಿಡಿ ಅಂತ ಮಂಗಳೂರಿನವರಿಗೆ ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಚಟ್ನಿ ಬಿಡಿ ಅನ್ನುತ್ತೇನೆ.

ಕಟಿಂಗ್ ಚಹಾದ ಲೋಟ ಸಣ್ಣದು, ಸಕ್ಕರೆ ಸಣ್ಣದಲ್ಲ. ಒಂದಕ್ಕೆ 8 ಗ್ರಾಂ ಹಿಡಿದರೂ ದಿನಕ್ಕೆ ಆರು ಕುಡಿದರೆ 48 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದಿನಕ್ಕೆ 25 ಗ್ರಾಂ ಒಳಗೆ ಇರಲಿ ಅನ್ನುತ್ತದೆ. ಆಫೀಸಿನ ಚಹಾ ಎರಡಕ್ಕೆ ಇಳಿಸಿ, ಮನೆಯದ್ದಕ್ಕೆ ಸಕ್ಕರೆ ಅರ್ಧ ಮಾಡಿ. ಹದಿನೈದು ದಿನದಲ್ಲಿ ನಾಲಿಗೆ ಒಗ್ಗುತ್ತದೆ.

ಜೀರಿಗೆ ನೀರು, ನಿಂಬೆ ಜೇನು ನೀರು, ಹೊಟ್ಟೆಗೆ ಕಟ್ಟುವ ಬೆಲ್ಟು, ಕೊಬ್ಬು ಕರಗಿಸುವ ಪುಡಿ: ಯಾವುದರಿಂದಲೂ ಹೊಟ್ಟೆ ಇಳಿಯುವುದಿಲ್ಲ. ಜೇನು ಅಂದರೂ ಸಕ್ಕರೆಯೇ, ಒಂದು ದೊಡ್ಡ ಚಮಚಕ್ಕೆ 60 ಕ್ಯಾಲೊರಿ. ನೀರು ಕುಡಿಯಿರಿ.

ಹದಿನಾರು ಗಂಟೆ ಉಪವಾಸ

ಈಗ ಎಲ್ಲೆಲ್ಲೂ ಇದೇ ಮಾತು. ಎಂಟು ಗಂಟೆಯ ಒಳಗೆ ಎಲ್ಲ ತಿಂದು, ಉಳಿದ ಹದಿನಾರು ಗಂಟೆ ಖಾಲಿ ಇರುವುದು. ಚೀನಾದಲ್ಲಿ 139 ಜನರ ಮೇಲೆ ಒಂದು ವರ್ಷ ನಡೆದ ಅಧ್ಯಯನ 2022ರಲ್ಲಿ ಬಂತು. ಎರಡು ಗುಂಪಿಗೂ ಒಂದೇ ಅಳತೆಯ ಕಡಿಮೆ ಊಟ. ಒಂದು ಗುಂಪು ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರ ಒಳಗೆ ತಿಂದು ಮುಗಿಸಬೇಕು, ಇನ್ನೊಂದಕ್ಕೆ ಹೊತ್ತಿನ ಕಟ್ಟು ಇಲ್ಲ. ಮೊದಲ ಗುಂಪು ಸರಾಸರಿ 8 ಕಿಲೊ ಇಳಿಯಿತು, ಎರಡನೆಯದು 6.3 ಕಿಲೊ. ಅಷ್ಟು ಜನರಲ್ಲಿ ಈ ಅಂತರವನ್ನು ಗಟ್ಟಿ ವ್ಯತ್ಯಾಸ ಅಂತ ಹೇಳಲಾಗುವುದಿಲ್ಲ. ಕೆಲಸ ಮಾಡಿದ್ದು ಕಡಿಮೆ ಊಟ.

ಇದರಿಂದ ಕೆಲವರಿಗೆ ಲಾಭವಿದೆ. ರಾತ್ರಿ ಎಂಟರ ನಂತರ ಏನೂ ಇಲ್ಲ ಅನ್ನುವ ಒಂದೇ ನಿಯಮ ನೆನಪಿಟ್ಟುಕೊಳ್ಳುವುದು ಸುಲಭ. ಆದರೆ ರಾತ್ರಿ ಹತ್ತಕ್ಕೆ ಉಣ್ಣುವವರು ಮರುದಿನ ಮಧ್ಯಾಹ್ನ ಎರಡರವರೆಗೆ ಖಾಲಿ ಹೊಟ್ಟೆಯಲ್ಲಿ ಲೋಕಲ್, ಆಫೀಸು ಅಂತ ಓಡಾಡಿ, ಆಮೇಲೆ ಸಿಕ್ಕಿದ್ದೆಲ್ಲ ತಿನ್ನುತ್ತಾರೆ. ಅವರಿಗೆ ಎರಡು ಡಬ್ಬಿಯ ದಾರಿಯೇ ಸರಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರ್ ಮದ್ದಿನ ಪ್ರಮಾಣ ಸರಿಮಾಡುವ ತನಕ ಇದನ್ನು ಮುಟ್ಟಬೇಡಿ. ಸಕ್ಕರೆ ಅಂಶ ತೀರಾ ಇಳಿದರೆ ನಿಂತಲ್ಲೇ ಬೀಳಬಹುದು. ಬಸುರಿ, ಬಾಣಂತಿಯರಿಗೂ ಬೇಡ.

ಏಕಾದಶಿ, ಸಂಕಷ್ಟಿ, ನವರಾತ್ರಿಯ ಉಪವಾಸ ಮಾಡುವವರು ಅದೇ ಹೊಟ್ಟೆ ಇಳಿಸುತ್ತದೆ ಅಂದುಕೊಂಡಿರುತ್ತಾರೆ. ಸಾಬೂದಾಣಿ ಖಿಚಡಿ ಬರೀ ಪಿಷ್ಟ, ಅದಕ್ಕೆ ಶೇಂಗಾ ಪುಡಿ, ತುಪ್ಪ, ಜೊತೆಗೊಂದು ಬಟಾಟೆ. ಒಂದು ತಟ್ಟೆ ಸುಲಭವಾಗಿ ವಡಾಪಾವ್ ಅನ್ನು ದಾಟುತ್ತದೆ. ಇಲ್ಲಿನವರು ಮಾಡುವ ವರಿ ಅಕ್ಕಿಯ (ಅದೊಂದು ಸಿರಿಧಾನ್ಯ) ಅನ್ನವನ್ನು ಒಂದು ಬಟ್ಟಲು ತೆಗೆದುಕೊಂಡು, ಶೇಂಗಾ ಆಮಟಿ ತೆಳ್ಳಗೆ ಮಾಡಿ, ಪಕ್ಕದಲ್ಲಿ ಸೌತೆಕಾಯಿ ಮೊಸರು ಇಟ್ಟುಕೊಂಡರೆ ಉಪವಾಸವೂ ಕೆಡುವುದಿಲ್ಲ, ತಟ್ಟೆಯೂ ಹಗುರ. ಖಿಚಡಿಯೇ ಬೇಕು ಅನ್ನುವವರು ಬೆಳಗ್ಗೆ ತಿನ್ನಿ, ರಾತ್ರಿ ಹತ್ತಕ್ಕಲ್ಲ.